ಕತ್ತಲೆಯೂ ಪುದ್ಗಲ: ಮೈಸೂರಿನ ವಿ.ಕೆ. ಮೂರ್ತಿಯವರ ಕ್ಯಾಮರಾ

ಉಮಾಸ್ವಾಮಿಯ ತತ್ತ್ವಾರ್ಥಸೂತ್ರದ 5ನೆಯ ಅಧ್ಯಾಯದಲ್ಲಿ ಪುದ್ಗಲದ ಪರ್ಯಾಯಗಳನ್ನು ಎಣಿಸುವ ಸೂತ್ರವೊಂದಿದೆ. ಶಬ್ದ, ಬಂಧ, ಸೂಕ್ಷ್ಮತೆ, ಸ್ಥೂಲತೆ, ಆಕಾರ, ಭೇದ ಇವುಗಳ ಸಾಲಿನಲ್ಲಿಯೇ ಕತ್ತಲೆ, ನೆರಳು, ಬಿಸಿಲು, ತಣ್ಬೆಳಕು ಇವೂ ಅಲ್ಲಿ ಬರುತ್ತವೆ. ಬಿಸಿಲಿಗೆ ಆತಪವೆಂದೂ ಬೆಳದಿಂಗಳಂಥ ತಂಪು ಬೆಳಕಿಗೆ ಉದ್ಯೋತವೆಂದೂ ಬೇರೆ ಬೇರೆ ಹೆಸರು. ನ್ಯಾಯ ವೈಶೇಷಿಕರು ಇದನ್ನು ಒಪ್ಪುವವರಲ್ಲ. ಅವರ ಮತದಲ್ಲಿ ಕತ್ತಲೆಯೆಂಬುದು ತೇಜಸ್ಸಿನ ಅಭಾವ, ಅಷ್ಟೆ. ಇಲ್ಲದಿರುವಿಕೆಗೆ ಇಟ್ಟ ಹೆಸರು. ಜೈನ ದಾರ್ಶನಿಕರು ಈ ವಿಷಯದಲ್ಲಿ ಪಟ್ಟು ಸಡಿಲಿಸಲಿಲ್ಲ. ನೋಟವನ್ನು ತಡೆಯುವ ಶಕ್ತಿ ಕತ್ತಲೆಗುಂಟು, ಆದ್ದರಿಂದ ಅದೂ ಪುದ್ಗಲವೇ ಎಂದರು. ಪೂಜ್ಯಪಾದರು ಸರ್ವಾರ್ಥಸಿದ್ಧಿಯಲ್ಲಿ ನೆರಳನ್ನೂ ಎರಡಾಗಿ ವಿಂಗಡಿಸಿ, ಬಣ್ಣಗಳೊಡನೆ ಮೂಡುವ ಕನ್ನಡಿಯ ಬಿಂಬವನ್ನು ಸಹ ಛಾಯೆಯ ಬಗೆಯಲ್ಲಿಯೇ ಸೇರಿಸಿದರು.

ಈ ಸೂತ್ರಕ್ಕೆ 20ನೆಯ ಶತಮಾನದಲ್ಲಿ ಒಂದು ಅನಿರೀಕ್ಷಿತ ವ್ಯಾಖ್ಯಾನ ದೊರೆಯಿತು. ಅದು ಹುಟ್ಟಿದ್ದು ಬಸದಿಯಲ್ಲೋ ಮಠದಲ್ಲೋ ಅಲ್ಲ, ಮುಂಬಯಿಯ ಸಿನಿಮಾ ಸ್ಟುಡಿಯೋದೊಳಗೆ. ಸೂತ್ರದ ಹಂಗಿಲ್ಲದೆ, ಕೇವಲ ಕಣ್ಣು ಮತ್ತು ಕೈಗಳ ಬಲದಿಂದ ಕತ್ತಲೆಯನ್ನು ಒಂದು ವಸ್ತುವಿನಂತೆ ಬಳಸಿದವರು ವೆಂಕಟರಾಮ ಪಂಡಿತ ಕೃಷ್ಣಮೂರ್ತಿ. ಸಿನಿಮಾ ಜಗತ್ತು ಅವರನ್ನು ಬಲ್ಲದ್ದು ವಿ.ಕೆ. ಮೂರ್ತಿ ಎಂಬ ಹೆಸರಿನಿಂದ. 1923ರ ನವೆಂಬರ್ 26ರಂದು ಮೈಸೂರಿನಲ್ಲಿ ಜನನ. 2014ರ ಏಪ್ರಿಲ್ 7ರಂದು ಬೆಂಗಳೂರಿನಲ್ಲಿ ಮರಣ. ಇವೆರಡರ ನಡುವಿನ ತೊಂಬತ್ತು ವರ್ಷಗಳಲ್ಲಿ ಹಾಲಿವುಡ್ ಹಾಕಿಕೊಟ್ಟ ಚಿತ್ರೀಕರಣದ ಕಟ್ಟಳೆಗಳನ್ನು ಗುರುದತ್ ಎಂಬ ನಿರ್ದೇಶಕನ ಜೊತೆಗೂಡಿ ಒಂದೊಂದಾಗಿ ಮುರಿದ ದಶಕವೊಂದಿದೆ. ಆ ದಶಕದ ಫಲವನ್ನು ಭಾರತೀಯರು ಹಾಡುಗಳ ಮೂಲಕ ಬಲ್ಲರು, ನಟರ ಮೂಲಕ ಬಲ್ಲರು. ಮೈಸೂರಿನ ಕೈವಾಡವನ್ನು ಬಲ್ಲವರು ಕಡಿಮೆ.

ಮೈಸೂರಿಗೂ ಸಿನಿಮಾಕ್ಕೂ ಆಗಲೇ ಒಂದು ನಂಟು ಬೆಳೆಯತೊಡಗಿತ್ತು. 1935ರ ಸುಮಾರಿಗೆ ಅಮೆರಿಕದ ರಾಬರ್ಟ್ ಫ್ಲಾಹರ್ಟಿ, ಅಲೆಕ್ಸಾಂಡರ್ ಕೋರ್ಡಾನ ಲಂಡನ್ ಸಂಸ್ಥೆಗಾಗಿ ‘ಎಲಿಫೆಂಟ್ ಬಾಯ್’ ಚಿತ್ರವನ್ನು ತೆಗೆಯಲು ಮೈಸೂರಿಗೆ ಬಂದು ನೆಲೆಸಿದ್ದ. 1922ರಲ್ಲಿ ‘ನಾನೂಕ್ ಆಫ್ ದ ನಾರ್ತ್’ ಮಾಡಿ, ಸ್ಟುಡಿಯೋದ ಬಣ್ಣದ ಪರದೆಗಳಿಲ್ಲದೆಯೂ ಚಿತ್ರ ಮಾಡಬಹುದೆಂದು ಹಾಲಿವುಡ್ಡಿಗೆ ತೋರಿಸಿದ್ದವನು ಆತ. ಮಹಾರಾಜರ ಗಜಶಾಲೆಯ ಮಾವುತನ ಮಗ ಸಾಬು ನಾಯಕನಾದ. ಫ್ಲಾಹರ್ಟಿ ಕಾಡಿನಲ್ಲಿ ತೆಗೆದ ನೈಜ ದೃಶ್ಯಗಳಿಗೆ ಕೋರ್ಡಾ ಇಂಗ್ಲೆಂಡಿನ ಡೆನ್‌ಹ್ಯಾಮ್ ಸ್ಟುಡಿಯೋದಲ್ಲಿ ತೆಗೆದ ಕಥಾಭಾಗಗಳನ್ನು ಹೊಲಿದು ಸೇರಿಸಿದ. ಆ ಹೊಲಿಗೆ ಇಂದಿಗೂ ಎದ್ದು ಕಾಣುತ್ತದೆ. ವೆನಿಸ್ಸಿನಲ್ಲಿ 1937ರಲ್ಲಿ ನಿರ್ದೇಶನದ ಪ್ರಶಸ್ತಿ ದೊರೆತದ್ದು ಫ್ಲಾಹರ್ಟಿಗೂ ಜೋಲ್ಟಾನ್ ಕೋರ್ಡಾನಿಗೂ ಜಂಟಿಯಾಗಿ. ಮೈಸೂರಿನಲ್ಲಿ ಆನೆಗಳ ಮುಂದೆ ಕ್ಯಾಮರಾ ಓಡುತ್ತಿದ್ದಾಗ ಮೂರ್ತಿಯವರು ಹನ್ನೆರಡರ ಬಾಲಕ. ಎರಡಕ್ಕೂ ಕಾರ್ಯಕಾರಣ ಕಟ್ಟುವ ಅಗತ್ಯವಿಲ್ಲ. ಊರಿನ ಗಾಳಿ ಹೇಗಿತ್ತೆಂಬುದಕ್ಕೆ ಇದೊಂದು ಸಾಕ್ಷಿ.

ಬಾಲಕನಿಗೆ ಎರಡು ಹುಚ್ಚುಗಳಿದ್ದವು: ಪಿಟೀಲು ಮತ್ತು ಸಿನಿಮಾ. ಹರೆಯದಲ್ಲಿಯೇ ಸಿನಿಮಾ ಕಲಿಯಲೆಂದು ಮುಂಬಯಿಗೆ ಹೋಗಿ ಬರಿಗೈಯಲ್ಲಿ ಹಿಂತಿರುಗಿದ್ದಾಯಿತು. ಸ್ವಾತಂತ್ರ್ಯ ಚಳವಳಿಗೆ ಸೇರಿ ಸೆರೆಮನೆಯನ್ನು ಕಂಡದ್ದೂ ಆಯಿತು. ಆಮೇಲೆ ಬೆಂಗಳೂರಿನ ಶ್ರೀ ಜಯಚಾಮರಾಜೇಂದ್ರ ಪಾಲಿಟೆಕ್ನಿಕ್ಕಿನಲ್ಲಿ ಛಾಯಾಗ್ರಹಣವನ್ನು ಅಭ್ಯಸಿಸಿ 1946ರಲ್ಲಿ ಡಿಪ್ಲೊಮಾ ಪಡೆದರು. ಪುಣೆಯ ಫಿಲ್ಮ್ ಇನ್‌ಸ್ಟಿಟ್ಯೂಟ್ ಸ್ಥಾಪನೆಯಾದದ್ದು 1960ರಲ್ಲಿ. ಅದಕ್ಕೆ ಹದಿನಾಲ್ಕು ವರ್ಷ ಮೊದಲೇ ಮೈಸೂರು ಸಂಸ್ಥಾನದ ಶಾಲೆಯೊಂದು ಚಲನಚಿತ್ರ ಛಾಯಾಗ್ರಹಣವನ್ನು ಪಠ್ಯವಾಗಿ ಕಲಿಸಿ ಪದವೀಧರರನ್ನು ಹೊರಗೆ ಕಳಿಸುತ್ತಿತ್ತೆಂಬುದು ಕನ್ನಡ ನಾಡಿನ ಸಾಂಸ್ಕೃತಿಕ ಚರಿತ್ರೆಗಳಲ್ಲಿ ಒಂದು ಸಾಲನ್ನೂ ಪಡೆಯದ ಸಂಗತಿ. ಪಿಟೀಲಿನ ವಿದ್ಯೆಯೂ ವ್ಯರ್ಥವಾಗಲಿಲ್ಲ. ಮುಂಬಯಿಯ ಆರಂಭದ ದಿನಗಳಲ್ಲಿ ಹೊಟ್ಟೆ ಹೊರೆಯಲು ಅದು ನೆರವಾಯಿತು. ಮೂರ್ತಿಯವರ ಕ್ಯಾಮರಾ ಹಾಡುಗಳಲ್ಲಿ ಚಲಿಸುವ ಗತಿಯನ್ನು ಗಮನಿಸಿದವರಿಗೆ, ಅದು ತಾಳ ಬಲ್ಲವನ ಚಲನೆಯೆಂಬುದು ಹೊಳೆಯದೆ ಇರದು.

ಅವರು ಮುರಿದ ಕಟ್ಟಳೆಗಳಾದರೂ ಯಾವುವು? ಹಾಲಿವುಡ್ ತನ್ನ ಚಿನ್ನದ ಕಾಲದಲ್ಲಿ ಒಂದು ವ್ಯಾಕರಣವನ್ನು ರೂಪಿಸಿತ್ತು. ನೋಡುಗನಿಗೆ ಕ್ಯಾಮರಾ ಇದೆಯೆಂಬುದೇ ತಿಳಿಯಬಾರದು, ಇದು ಮೊದಲ ವಿಧಿ. ಕಥೆ ಕಾರಣದಿಂದ ಕಾರ್ಯಕ್ಕೆ, ಕಾರ್ಯದಿಂದ ಪರಿಣಾಮಕ್ಕೆ ನೇರವಾಗಿ ಸಾಗಬೇಕು. ಮಾತನಾಡುವವನ ಮುಖ, ಕೇಳುವವನ ಮುಖ, ಮತ್ತೆ ಮಾತನಾಡುವವನ ಮುಖ ಹೀಗೆ ತುಣುಕುಗಳು ಹೊಂದಿಕೊಳ್ಳಬೇಕು. ಬೆಳಕಿಗೂ ಒಂದು ಶಾಸ್ತ್ರವಿತ್ತು. ಮುಖದ ಒಂದು ಪಕ್ಕದಿಂದ ಪ್ರಧಾನವಾದ ಬೆಳಕು, ಅದು ಉಂಟುಮಾಡುವ ನೆರಳನ್ನು ಅಳಿಸಲು ಇನ್ನೊಂದು ಪಕ್ಕದಿಂದ ಮೆದುವಾದ ಬೆಳಕು, ತಲೆಗೂದಲಿಗೆ ಹೊಳಪಿನ ಅಂಚು ಕಟ್ಟಿ ನಟಿಯನ್ನು ಹಿನ್ನೆಲೆಯಿಂದ ಬಿಡಿಸಲು ಹಿಂದಿನಿಂದ ಮೂರನೆಯ ಬೆಳಕು. ತಾರೆಯ ಮುಖ ಎಂದೂ ಕಪ್ಪಾಗಕೂಡದು, ಏಕೆಂದರೆ ಟಿಕೆಟ್ಟು ಮಾರಾಟವಾಗುವುದು ಆ ಮುಖದಿಂದ. ಈ ಮೂರು ದೀಪಗಳ ಪದ್ಧತಿಯಲ್ಲಿ ಕತ್ತಲೆಯೆಂದರೆ ತುಂಬಿಸಬೇಕಾದ ಕೊರತೆ. ಹಾಲಿವುಡ್ ಈ ಅರ್ಥದಲ್ಲಿ ವೈಶೇಷಿಕ ಮತದ ಅನುಯಾಯಿ.

ಈ ವ್ಯಾಕರಣವನ್ನು ಹಾಲಿವುಡ್ಡಿನ ಒಳಗಿನಿಂದಲೇ ಪ್ರಶ್ನಿಸಿದ ಕೃತಿಗಳಲ್ಲಿ 1941ರ ‘ಸಿಟಿಜನ್ ಕೇನ್’ ಹೆಸರುವಾಸಿ. ಚಿತ್ರೀಕರಣ ನಡೆದಾಗ ನಿರ್ದೇಶಕ ಆರ್ಸನ್ ವೆಲ್ಸ್‌ನ ವಯಸ್ಸು 25. ಛಾಯಾಗ್ರಾಹಕ ಗ್ರೆಗ್ ಟೋಲೆಂಡ್ ಅದಾಗಲೇ ಆಸ್ಕರ್ ಪಡೆದ ಅನುಭವಿ. ಸಿನಿಮಾ ಗೊತ್ತಿಲ್ಲದವನೊಡನೆ ಕೆಲಸ ಮಾಡುವ ಆಸೆಯಿಂದ ತಾನಾಗಿಯೇ ಮುಂದೆ ಬಂದವನು. ಹತ್ತಿರದ ಮುಖವೂ ದೂರದ ಕಿಟಕಿಯ ಆಚೆಗೆ ಹಿಮದಲ್ಲಿ ಆಡುವ ಹುಡುಗನೂ ಒಂದೇ ಚೌಕಟ್ಟಿನಲ್ಲಿ ಸ್ಪಷ್ಟವಾಗಿ ಕಾಣುವಂತೆ ಅವರು ದೃಶ್ಯಗಳನ್ನು ಹೂಡಿದರು. ನೆಲಮಟ್ಟದಿಂದ ಕ್ಯಾಮರಾ ಮೇಲೆತ್ತಿದಾಗ ಮಾಳಿಗೆ ಕಾಣಬೇಕಲ್ಲ. ಬಟ್ಟೆಯ ಮಾಳಿಗೆಗಳನ್ನು ಕಟ್ಟಿ ಅದರ ಮೇಲೆ ಮೈಕುಗಳನ್ನು ಅಡಗಿಸಿದರು. ಕಥೆಯಂತೂ ನಾಯಕನ ಸಾವಿನಿಂದ ಆರಂಭವಾಗುತ್ತದೆ. ಐವರು ಐದು ಬಗೆಯಾಗಿ ಅವನ ಬಾಳನ್ನು ಹೇಳುತ್ತಾರೆ. ಅನೇಕಾಂತವನ್ನು ಬಲ್ಲ ಓದುಗರಿಗೆ ಇದು ಕೂಡಲೇ ಹತ್ತಿರವೆನಿಸೀತು. ಆದರೆ ಎಚ್ಚರ ಬೇಕು. ಅನೇಕಾಂತದಲ್ಲಿ ಪ್ರತಿಯೊಂದು ನಯವೂ ವಸ್ತುವಿನ ಒಂದು ಮುಖವನ್ನು ನಿಜವಾಗಿ ಮುಟ್ಟುತ್ತದೆ, ಕೇವಲಿಗೆ ವಸ್ತು ಸಮಗ್ರವಾಗಿ ಗೋಚರವಾಗುತ್ತದೆ. ವೆಲ್ಸ್‌ನ ಲೋಕದಲ್ಲಿ ಕೇವಲಿಯಿಲ್ಲ. ಐದು ನಯಗಳನ್ನು ಕೂಡಿಸಿದರೂ ಮನುಷ್ಯ ಕೈಗೆ ಸಿಗುವುದಿಲ್ಲ. ಹೋಲಿಕೆ ಅಲ್ಲಿಗೆ ನಿಲ್ಲಬೇಕು.

ಆ ಚಿತ್ರದ ಇನ್ನೊಂದು ಸಂಗತಿ ಈ ಬರಹಕ್ಕೆ ಮುಖ್ಯ. ಕೊನೆಯ ಶೀರ್ಷಿಕೆಯಲ್ಲಿ ವೆಲ್ಸ್ ತನ್ನ ಹೆಸರಿರುವ ಫಲಕದಲ್ಲಿಯೇ ಟೋಲೆಂಡನ ಹೆಸರನ್ನೂ ಹಾಕಿಸಿದ. ನಿರ್ದೇಶಕನೂ ಛಾಯಾಗ್ರಾಹಕನೂ ಒಂದೇ ಫಲಕದಲ್ಲಿ. ಅಂದಿನ ಹಾಲಿವುಡ್ಡಿನಲ್ಲಿ ಇದು ಅಪರೂಪದ ಔದಾರ್ಯ.

ಮುಂಬಯಿಯ ಸ್ಟುಡಿಯೋಗಳು ಹಾಲಿವುಡ್ಡಿನ ವ್ಯಾಕರಣವನ್ನೇ ಎರವಲು ತಂದಿದ್ದವು. ಅದಕ್ಕೆ ಹಾಡನ್ನು ಸೇರಿಸಿದ್ದವು. ಮೂರ್ತಿಯವರು ಫಾಲಿ ಮಿಸ್ತ್ರಿಯಂಥ ನುರಿತವರ ಕೈಕೆಳಗೆ ಪಳಗಿದರು. 1951ರಲ್ಲಿ ಗುರುದತ್ತರ ಮೊದಲ ನಿರ್ದೇಶನದ ‘ಬಾಜಿ’ ತಯಾರಾಗುತ್ತಿದ್ದಾಗ ಛಾಯಾಗ್ರಾಹಕ ವಿ. ರಾತ್ರಾ ಅವರಿಗೆ ಮೂರ್ತಿ ಸಹಾಯಕರು. ಹಾಡೊಂದರಲ್ಲಿ ತೊಡಕಾದ ಚಲನೆಯ ಒಂದು ಷಾಟನ್ನು ಸಹಾಯಕರೇ ಸೂಚಿಸಿದರು. ರಾತ್ರಾ ಅವರು ಅದನ್ನು ತೆಗೆಯುವ ಅವಕಾಶವನ್ನೂ ಕೊಟ್ಟರು. ಗುರುದತ್ತರ ಕಣ್ಣು ಈ ಯುವಕನ ಮೇಲೆ ನೆಟ್ಟಿತು. ಮುಂದಿನ ಚಿತ್ರ ‘ಜಾಲ್’ (1952) ಮೂರ್ತಿಯವರ ಕೈಗೆ ಬಂತು. ಅಲ್ಲಿಂದಾಚೆಗೆ ಗುರುದತ್ ನಿರ್ದೇಶಿಸಿದ ಚಿತ್ರಗಳೆಲ್ಲಕ್ಕೂ ಅವರದೇ ಕ್ಯಾಮರಾ. ಹಿಂದಿಯ ಈ ಜೋಡಿಯಲ್ಲಿ ಒಬ್ಬರು ಮೈಸೂರಿನಲ್ಲಿ ಹುಟ್ಟಿದವರು, ಇನ್ನೊಬ್ಬರು, ವಸಂತಕುಮಾರ ಶಿವಶಂಕರ ಪಡುಕೋಣೆ ಎಂಬ ಮೂಲ ಹೆಸರಿನವರು, 1925ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದವರು.

ಟೋಲೆಂಡ್ ಹಿಡಿದ ದಾರಿಯನ್ನು ಇವರು ಹಿಡಿಯಲಿಲ್ಲ. ಆತ ಅಗಲ ನೋಟದ ಮಸೂರವನ್ನು ಬಳಸಿ ಎಲ್ಲವನ್ನೂ ಸ್ಪಷ್ಟಗೊಳಿಸಿದರೆ, ಗುರುದತ್ ಮತ್ತು ಮೂರ್ತಿ ಸಮೀಪದ ಮುಖಗಳಿಗೆ 75 ಮಿ.ಮೀ.ನಂಥ ಉದ್ದ ನಾಭಿದೂರದ ಮಸೂರವನ್ನು ಒಲಿದರು. ಅದರಲ್ಲಿ ಹಿನ್ನೆಲೆ ಕರಗಿ ಹೋಗುತ್ತದೆ. ಕಣ್ಣುಗಳು ಮಾತ್ರ ಉಳಿಯುತ್ತವೆ. ‘ಪ್ಯಾಸಾ’ದಲ್ಲಿ (1957) ಕವಿ ವಿಜಯನ ಮನಸ್ಸಿನೊಳಗೆ ಹೋಗಲು ಮಾತು ಬೇಕಾಗುವುದಿಲ್ಲ, ಕ್ಯಾಮರಾ ನಿಧಾನವಾಗಿ ಮುಖದ ಕಡೆಗೆ ಸರಿಯುತ್ತದೆ, ಲೋಕ ಹಿಂದೆ ಉಳಿಯುತ್ತದೆ. ಆದರೆ ಆ ಚಿತ್ರದ ಶಿಖರ ದೃಶ್ಯದಲ್ಲಿ ಮುಖವನ್ನೇ ಕೊಡದಿರುವ ಧೈರ್ಯವಿದೆ. ಸತ್ತನೆಂದು ತಿಳಿದ ಕವಿಯ ಸ್ಮರಣೆಗೆ ಸೇರಿದ ಸಭೆ. ಸಭಾಗೃಹದ ಬಾಗಿಲಿನಲ್ಲಿ ಕವಿಯೇ ಬಂದು ನಿಲ್ಲುತ್ತಾನೆ. ಬೆಳಕು ಅವನ ಬೆನ್ನ ಹಿಂದಿದೆ. ಬಾಗಿಲ ಚೌಕಟ್ಟಿಗೆ ಚಾಚಿದ ಎರಡು ತೋಳುಗಳು, ಕಪ್ಪಾದ ಒಂದು ಆಕೃತಿ, ಶಿಲುಬೆಯ ನೆನಪು. ತಾರಾನಟನ ಮುಖವನ್ನು ಚಿತ್ರದ ಅತಿ ಮುಖ್ಯ ಕ್ಷಣದಲ್ಲಿ ಕತ್ತಲೆಗೆ ಒಪ್ಪಿಸುವುದೆಂದರೆ ಮೂರು ದೀಪಗಳ ಶಾಸ್ತ್ರಕ್ಕೆ ತರ್ಪಣ ಬಿಟ್ಟಂತೆ. ಕತ್ತಲೆ ಅಲ್ಲಿ ಅಭಾವವಾಗಿದ್ದರೆ ನೋಡುಗನಿಗೆ ಏನೂ ಕಾಣಬಾರದಿತ್ತು. ಕಾಣುವುದಾದರೋ ಇಡೀ ಕಥೆ.

1959ರ ‘ಕಾಗಜ್ ಕೆ ಫೂಲ್’ ಭಾರತದ ಮೊದಲ ಸಿನಿಮಾಸ್ಕೋಪ್ ಚಿತ್ರ. ಹಾಲಿವುಡ್ಡಿನ ಫಾಕ್ಸ್ ಸಂಸ್ಥೆ 1953ರಲ್ಲಿ ‘ದ ರೋಬ್’ ಚಿತ್ರದೊಡನೆ ಈ ಪದ್ಧತಿಯನ್ನು ಹೊರತಂದಿತು. ಟೆಲಿವಿಷನ್ನಿಗೆ ಒಲಿಯುತ್ತಿದ್ದ ಜನರನ್ನು ಥಿಯೇಟರಿಗೆ ಮರಳಿ ತರುವುದು ಅದರ ವ್ಯಾಪಾರೀ ಉದ್ದೇಶ. ಚಿತ್ರೀಕರಿಸುವಾಗ ಮಸೂರ ದೃಶ್ಯವನ್ನು ಅಡ್ಡಲಾಗಿ ಹಿಂಡಿ ಫಿಲ್ಮಿನ ಮೇಲೆ ಕೂರಿಸುತ್ತದೆ, ಪ್ರದರ್ಶಿಸುವಾಗ ಇನ್ನೊಂದು ಮಸೂರ ಅದನ್ನು ಮತ್ತೆ ಹಿಗ್ಗಿಸುತ್ತದೆ. ತೆರೆಯ ಅಗಲ ಎತ್ತರದ 2.35 ಪಟ್ಟಿನಷ್ಟಾಗುತ್ತದೆ. ಅಷ್ಟು ಅಗಲದ ತೆರೆಯನ್ನು ಏನಿಟ್ಟು ತುಂಬುವುದು? ಹಾಲಿವುಡ್ ರೋಮನ್ ಸೈನ್ಯಗಳಿಂದ, ಮರುಭೂಮಿಗಳಿಂದ, ಮೆರವಣಿಗೆಗಳಿಂದ ತುಂಬಿತು. ಹಾವುಗಳಿಗೂ ಶವಯಾತ್ರೆಗಳಿಗೂ ಮಾತ್ರ ತಕ್ಕ ಅಳತೆ ಇದು ಎಂಬರ್ಥದ ಕುಹಕವೊಂದು ಗೊದಾರನ 1963ರ ಚಿತ್ರದಲ್ಲಿ, ನಿರ್ದೇಶಕ ಫ್ರಿಟ್ಜ್ ಲ್ಯಾಂಗ್‌ನ ಬಾಯಿಂದಲೇ ಬರುತ್ತದೆ. ಆರಂಭದ ಮಸೂರಗಳಲ್ಲಿ ಇನ್ನೊಂದು ದೋಷವಿತ್ತು. ಹತ್ತಿರದಿಂದ ತೆಗೆದರೆ ಮುಖ ಗದ್ದಬಾವು ಬಂದಂತೆ ಅಗಲವಾಗುತ್ತಿತ್ತು. ಆದ್ದರಿಂದ ಸ್ಕೋಪಿನಲ್ಲಿ ಮುಖದ ಬಳಿಗೆ ಹೋಗಬೇಡಿ, ದೂರದಿಂದ ಎಲ್ಲರನ್ನೂ ಸಾಲಾಗಿ ನಿಲ್ಲಿಸಿ ಚೆನ್ನಾಗಿ ಬೆಳಕು ಕೊಡಿ ಎಂಬ ರೂಢಿ ಬೆಳೆಯಿತು.

ಮೂರ್ತಿಯವರು ಆ ಅಗಲವನ್ನು ತುಂಬಲಿಲ್ಲ, ಬರಿದಾಗಿ ಬಿಟ್ಟರು. ಜಗತ್ತಿನ ಸ್ಕೋಪ್ ಚಿತ್ರಗಳಲ್ಲಿ ‘ಕಾಗಜ್ ಕೆ ಫೂಲ್’ ಬೇರೆಯಾಗಿ ನಿಲ್ಲುವುದು ಇಲ್ಲಿಯೇ. ಕಥಾನಾಯಕ ಸುರೇಶ್ ಸಿನ್ಹಾ ಹಿಂದೊಮ್ಮೆ ಹೆಸರಾಂತ ನಿರ್ದೇಶಕ. ಮುದಿಯಾಗಿ, ದಿಕ್ಕೆಟ್ಟು, ತಾನು ಆಳಿದ ಸ್ಟುಡಿಯೋಗೆ ಮರಳಿ ಬರುತ್ತಾನೆ. ದೀಪಗಳನ್ನು ತೂಗುಹಾಕುವ ಎತ್ತರದ ಅಟ್ಟಣಿಗೆಯನ್ನೇರಿ ಕೆಳಗೆ ನೋಡುತ್ತಾನೆ. ಅಲ್ಲಿಂದ ಕಥೆ ಹಿಂದಕ್ಕೆ ತೆರೆದುಕೊಳ್ಳುತ್ತದೆ. ‘ಸಿಟಿಜನ್ ಕೇನ್’ನಂತೆ ಇದೂ ಅಂತ್ಯದಿಂದ ಆರಂಭವಾಗುವ ಪತನದ ಕಥೆ, ಆದರೆ ಇಲ್ಲಿ ಬಿಡಿಸಬೇಕಾದ ಒಗಟಿಲ್ಲ. ಏನಾಗುವುದೆಂಬ ಕುತೂಹಲವನ್ನು ಮೊದಲ ದೃಶ್ಯದಲ್ಲಿಯೇ ಕೊಂದು, ಹೇಗಾಯಿತೆಂಬ ದುಃಖವನ್ನು ಮಾತ್ರ ಉಳಿಸಿಕೊಳ್ಳುವ ನಿರೂಪಣೆ. ಪುರಾಣಗಳನ್ನು ಕೇಳಿ ಬೆಳೆದ ಸಮಾಜಕ್ಕೆ ಇದು ಹೊಸತೇನಲ್ಲ. ಆದಿದೇವ ವಿರಕ್ತನಾಗುವನೆಂದು ಗೊತ್ತಿದ್ದೇ ಜನ ಆದಿಪುರಾಣವನ್ನು ಕೇಳಿದರು. ನಾಯಕಿ ಶಾಂತಿ ಪಡೆದಿದ್ದ ಕೋಟನ್ನು ಹಿಂತಿರುಗಿಸಲು ಸ್ಟುಡಿಯೋಗೆ ಬಂದವಳು, ಅರಿಯದೆ ಓಡುತ್ತಿರುವ ಕ್ಯಾಮರಾದ ಮುಂದೆ ಬಂದುಬಿಡುತ್ತಾಳೆ. ತಪ್ಪಾಗಿ ಸಿಕ್ಕ ಆ ತುಣುಕಿನಲ್ಲಿ ನಿರ್ದೇಶಕ ತನ್ನ ತಾರೆಯನ್ನು ಕಾಣುತ್ತಾನೆ.

ಬಹುಮಾತಿನ ಆ ಹಾಡಿನ ದೃಶ್ಯಕ್ಕೆ ಬರಬೇಕು. ಕೈಫಿ ಆಜ್ಮಿ ರಚಿಸಿ, ಎಸ್.ಡಿ. ಬರ್ಮನ್ ರಾಗ ಕೂಡಿಸಿ, ಗೀತಾ ದತ್ ಹಾಡಿದ ಗೀತೆ. ಖಾಲಿ ಸ್ಟುಡಿಯೋದಲ್ಲಿ ಸುರೇಶ್ ಮತ್ತು ಶಾಂತಿ ಇಬ್ಬರೇ. ಇಬ್ಬರೂ ತುಟಿ ತೆರೆಯುವುದಿಲ್ಲ. ಪಾತ್ರಗಳೇ ಹಾಡಬೇಕೆಂಬ ಹಿಂದಿ ಚಿತ್ರದ ರೂಢಿಯೂ ಅಲ್ಲಿ ಮುರಿಯಿತು. ಸ್ಟುಡಿಯೋದ ಎತ್ತರದಿಂದ ಒಂದು ಬೆಳಕಿನ ಕಂಬ ಓರೆಯಾಗಿ ಇಳಿಯಬೇಕೆಂಬುದು ನಿರ್ದೇಶಕರ ಬಯಕೆ. ದೊಡ್ಡ ದೀಪಗಳಿಂದ ಇದು ಆಗುವ ಕೆಲಸವಲ್ಲ. ದೀಪದಿಂದ ಹೊರಟ ಕಿರಣಗಳು ಹೋದಹೋದಂತೆ ಹರಡಿಕೊಳ್ಳುತ್ತವೆ; ಕಂಬವಾಗಿ ನಿಲ್ಲುವುದಿಲ್ಲ. ಸೂರ್ಯ ಅತಿ ದೂರದಲ್ಲಿರುವುದರಿಂದ ಅವನ ಕಿರಣಗಳು ಮಾತ್ರ ಹೆಚ್ಚುಕಡಿಮೆ ಸಮಾಂತರವಾಗಿ ಬರುತ್ತವೆ. ಆದ್ದರಿಂದ ಮೂರ್ತಿಯವರು ಸೂರ್ಯನನ್ನೇ ಮೆಹಬೂಬ್ ಸ್ಟುಡಿಯೋದೊಳಗೆ ಕರೆತಂದರು. ಹೊರಗೆ ಒಂದು ದೊಡ್ಡ ಕನ್ನಡಿಯನ್ನಿರಿಸಿ ಬಿಸಿಲನ್ನು ಒಳಕ್ಕೆ ತಿರುಗಿಸಿದರು. ಒಳಗಿನ ಅಟ್ಟಣಿಗೆಯ ಮೇಲೆ ಎರಡನೆಯ ಕನ್ನಡಿಯಿಂದ ಅದನ್ನು ಹಿಡಿದು ನೆಲಕ್ಕೆ ಇಳಿಸಿದರು. ಗಾಳಿಯಲ್ಲಿ ತುಸು ಹೊಗೆ ಆಡಿಸಿದಾಗ ಬೆಳಕಿಗೆ ಮೈ ಬಂತು. ಎರಡು ಕನ್ನಡಿ, ಒಂದಿಷ್ಟು ಹೊಗೆ, ಖರ್ಚೆಂದರೆ ಅಷ್ಟೆ. ಆತಪವು ಕನ್ನಡಿಗಳನ್ನು ದಾಟಿ ಉದ್ಯೋತದಂತೆ ತಂಪಾಗಿ ಇಳಿಯಿತು ಎಂದರೆ ಪೂಜ್ಯಪಾದರು ಮುನಿಯಲಾರರು.

ಆದರೆ ಆ ದೃಶ್ಯದ ಬಲ ಬೆಳಕಿನ ಕಂಬದಲ್ಲಿ ಮಾತ್ರವಿಲ್ಲ. ಅದರ ಸುತ್ತಲಿನ ಕತ್ತಲೆಯ ಹರವನ್ನು ನೋಡಬೇಕು. ಸ್ಕೋಪಿನ ಅಗಲ ತೆರೆಯ ಬಹುಭಾಗ ಕಪ್ಪು. ಒಂದು ಕಡೆ ಅವನು, ಇನ್ನೊಂದು ಕಡೆ ಅವಳು. ನಡುವಿನ ದೂರವನ್ನು ದಾಟುವ ಹಕ್ಕು ಇಬ್ಬರಿಗೂ ಇಲ್ಲ. ಅವನಿಗೆ ಅಗಲಿದ ಹೆಂಡತಿಯಿದ್ದಾಳೆ, ಮಗಳಿದ್ದಾಳೆ. ಆಗ ಇಬ್ಬರ ಒಡಲಿನಿಂದಲೂ ಪಾರದರ್ಶಕವಾದ ಇನ್ನೊಂದು ರೂಪ ಎದ್ದು ಬೆಳಕಿನ ಕಡೆಗೆ ನಡೆದು ಕೂಡುತ್ತದೆ. ಒಡಲುಗಳು ನಿಂತಲ್ಲಿಯೇ ನಿಂತಿವೆ. ಭೇದವಿಜ್ಞಾನವನ್ನು ಓದಿದವರಿಗೆ ಈ ದೃಶ್ಯ ಒಂದು ಕ್ಷಣ ಬೇರೆಯೇ ಅರ್ಥವನ್ನು ಕೊಟ್ಟೀತು, ಆ ಆತ್ಮಗಳನ್ನು ಹೊರಗೆ ಕರೆದದ್ದು ವೈರಾಗ್ಯವಲ್ಲ ಅನುರಾಗ ಎಂಬುದನ್ನು ಮರೆಯದಿದ್ದರೆ. ಪಂಪನ ಆದಿದೇವ ನೀಲಾಂಜನೆಯ ನರ್ತನದ ನಡುವೆ ಒಂದು ಕಿರಿದಾದ ವ್ಯತ್ಯಾಸವನ್ನು ಕಂಡ. ಸಿರಿಯ ನಶ್ವರತೆಯನ್ನು ಅರಿತು ತಪಸ್ಸಿಗೆ ಹೊರಟ. ಸುರೇಶ್ ಸಿನ್ಹಾನಿಗೂ ಅದೇ ನಶ್ವರತೆ ಕಾಣುತ್ತದೆ. ಅವನು ಹೊರಡುವುದು ಹೆಂಡದಂಗಡಿಗೆ.

ಇನ್ನೊಂದು ಮಾತು. ಹಾಲಿವುಡ್ಡಿನ ಕಾರ್ಯಕಾರಣ ನಿಯಮದ ಒಳಗಿದ್ದುಕೊಂಡೇ ಟೋಲೆಂಡ್ ತನ್ನ ಪ್ರಯೋಗಗಳನ್ನು ಮಾಡಬೇಕಾಯಿತು. ಮೂರ್ತಿಯವರಿಗೆ ಹಾಡು ಎಂಬ ಅವಕಾಶವಿತ್ತು. ಹಾಡು ಬಂದಾಗ ಕಥೆ ನಿಲ್ಲುತ್ತದೆ. ಕಾರಣ, ಕಾರ್ಯ, ಹೊತ್ತು, ಸ್ಥಳಗಳ ಕಟ್ಟು ಸಡಿಲುತ್ತದೆ. ನಮ್ಮ ಚಂಪೂ ಕವಿಗಳು ಕಥೆಯನ್ನು ಬದಿಗಿಟ್ಟು ವರ್ಣನೆಗೆ ತೊಡಗುವ ಪರಿ ಇದು. ಪಾಶ್ಚಾತ್ಯ ವಿಮರ್ಶಕರು ಬಹುಕಾಲ ಹಿಂದಿ ಚಿತ್ರದ ದೌರ್ಬಲ್ಯವೆಂದು ಮೂಗುಮುರಿದ ಆ ಹಾಡೇ ಕ್ಯಾಮರಾದ ಸ್ವಾತಂತ್ರ್ಯಕ್ಕೆ ಬಾಗಿಲಾಯಿತು. ಮೂರ್ತಿಯವರ ಶ್ರೇಷ್ಠವಾದ ಕೆಲಸದ ಹೆಚ್ಚಿನ ಪಾಲು ಹಾಡುಗಳಲ್ಲಿಯೇ ಇರುವುದು ಆಕಸ್ಮಿಕವಲ್ಲ.

‘ಸಾಹಿಬ್ ಬೀಬಿ ಔರ್ ಗುಲಾಮ್’ (1962) ಚಿತ್ರದ ಮುಜ್ರಾ ಇದಕ್ಕೆ ಇನ್ನೊಂದು ನಿದರ್ಶನ. ನಡುವೆ ಕುಣಿಯುವ ಮೀನೂ ಮಮ್ತಾಜ್ ಒಬ್ಬಳ ಮೇಲೆ ಪೂರ್ಣ ಬೆಳಕು. ಸುತ್ತ ಕುಣಿಯುವ ಹೆಂಗಳೆಯರು ಹಾಡಿನುದ್ದಕ್ಕೂ ನೆರಳಿನಲ್ಲಿ. ಅವರ ಅಂಗಚಲನೆ ಕಾಣುತ್ತದೆ, ಮುಖ ಕಾಣುವುದಿಲ್ಲ. ಒಂದೇ ನೆಲದ ಮೇಲೆ ಕುಣಿಯುವವರಲ್ಲಿ ಒಬ್ಬಳನ್ನು ಬೆಳಗಿ ಉಳಿದವರನ್ನು ಕಪ್ಪಾಗಿಡಲು ದೀಪಗಳನ್ನು ಎಷ್ಟು ಲೆಕ್ಕವಿಟ್ಟು ಕತ್ತರಿಸಿರಬೇಕು! ಅದೇ ಚಿತ್ರದಲ್ಲಿ ಛೋಟಿ ಬಹುವಿನ ಮೊದಲ ದರ್ಶನವೂ ಹೀಗೆಯೇ ತಡೆತಡೆದು ಬರುತ್ತದೆ. ನಾಚಿ ತಲೆತಗ್ಗಿಸಿದ ಭೂತನಾಥನಿಗೆ ಕಾಣುವುದು ರತ್ನಗಂಬಳಿ, ಕೇಳುವುದು ದನಿ, ಆಮೇಲೆ ಪಾದಗಳು, ಅವನು ತಲೆಯೆತ್ತಿದಾಗ ಮೀನಾಕುಮಾರಿಯ ಮುಖ. ತಾರೆಯನ್ನು ಕೂಡಲೇ ತೋರಿಸಿಬಿಡಬೇಕೆಂಬ ಆತುರಕ್ಕೆ ಇಲ್ಲಿ ಎಡೆಯಿಲ್ಲ.

‘ಕಾಗಜ್ ಕೆ ಫೂಲ್’ ಸೋತಿತು. ಜನ ತಿರಸ್ಕರಿಸಿದರು. ಇದಕ್ಕೆ ಪ್ರೇಕ್ಷಕರ ಅಜ್ಞಾನವೊಂದೇ ಕಾರಣವೆನ್ನುವುದು ಭಕ್ತರ ಮಾತು. ಚಿತ್ರಕ್ಕೆ ನಿಜವಾದ ಕೊರತೆಗಳಿವೆ: ಜಾನಿ ವಾಕರ್ ಅವರ ಹಾಸ್ಯದ ಉಪಕಥೆ ಮುಖ್ಯ ಕಥೆಯ ಕಾಲಿಗೆ ತೊಡರುತ್ತದೆ, ಅತ್ತೆಮಾವಂದಿರು ಗೊಂಬೆಗಳಂತಿದ್ದಾರೆ. ಕ್ಯಾಮರಾ ತಲುಪಿದ ಎತ್ತರಕ್ಕೆ ಬರವಣಿಗೆ ಎಲ್ಲೆಡೆಯೂ ಏರಲಿಲ್ಲ. ಆದರೂ ಪೆಟ್ಟು ಬಿದ್ದದ್ದು ಗುರುದತ್ತರಿಗೆ. ಅನಂತರ ಅವರು ನಿರ್ದೇಶಕರೆಂದು ತಮ್ಮ ಹೆಸರನ್ನು ಯಾವ ಚಿತ್ರಕ್ಕೂ ಹಾಕಿಕೊಳ್ಳಲಿಲ್ಲ. ‘ಸಾಹಿಬ್ ಬೀಬಿ’ಯ ನಿರ್ದೇಶಕರೆಂದು ಅಬ್ರಾರ್ ಆಲ್ವಿ ಅವರ ಹೆಸರಿದೆ. 1964ರ ಅಕ್ಟೋಬರ್ 10ರಂದು ಗುರುದತ್ ತೀರಿಕೊಂಡರು, 39ನೆಯ ವಯಸ್ಸಿನಲ್ಲಿ. ಛಾಯಾಗ್ರಹಣಕ್ಕಾಗಿ ಫಿಲ್ಮ್‌ಫೇರ್ ಪ್ರಶಸ್ತಿ ಈ ಎರಡು ಚಿತ್ರಗಳಿಗೂ ಮೂರ್ತಿಯವರಿಗೆ ಬಂದಿತ್ತು. ಗುರುದತ್ತರ ಮರಣಾನಂತರ ಪ್ಯಾಸಾ, ಕಾಗಜ್ ಕೆ ಫೂಲ್ ಎರಡೂ ವಿಶ್ವದ ಶ್ರೇಷ್ಠ ಚಿತ್ರಗಳ ಸಾಲಿಗೆ ಸೇರಿದವು. ಆಗ ಲೋಕ ಆ ಬೆಳಕಿಗೆ ಇಟ್ಟ ಹೆಸರು ಗುರುದತ್ ಶೈಲಿ.

ಶ್ರವಣಬೆಳಗೊಳದ ಗೊಮ್ಮಟನ ಪಾದದ ಬಳಿ ಇರುವ ಬರಹವನ್ನು ಇಲ್ಲಿ ನೆನೆಯಬೇಕು. ಚಾವುಂಡರಾಯನು ‘ಮಾಡಿಸಿದಂ’ ಎಂಬುದು ಅಲ್ಲಿನ ಕ್ರಿಯಾಪದ. ಮಾಡಿದವನ ಹೆಸರಿಲ್ಲ. ಅದೇ ಮೈಸೂರಿಗೆ ಇನ್ನೂ ಸಮೀಪವಿರುವ ಸೋಮನಾಥಪುರಕ್ಕೆ ಹೋದರೆ, 13ನೆಯ ಶತಮಾನದ ಶಿಲ್ಪಿ ಮಲ್ಲಿತಮ್ಮ ತಾನು ಕಡೆದ ವಿಗ್ರಹಗಳ ಪೀಠದಲ್ಲಿ ತನ್ನ ಹೆಸರನ್ನು ಕೊರೆದಿದ್ದಾನೆ. ಮಾಡಿಸುವುದಕ್ಕೂ ಮಾಡುವುದಕ್ಕೂ ಕನ್ನಡದಲ್ಲಿ ಒಂದೇ ಅಕ್ಷರದ ಅಂತರ. ಗುರುದತ್ತರು ಮಾಡಿಸಿ ಸುಮ್ಮನಾದವರಲ್ಲ, ನಿಜ. ಬೆಳಕಿನ ಕಂಬವನ್ನು ಬಯಸಿದ್ದು ಅವರ ಕಲ್ಪನೆ. ಆದರೆ ಅದನ್ನು ಇಳಿಸಿದ್ದು ಇನ್ನೊಬ್ಬರ ಬುದ್ಧಿ. ವೆಲ್ಸ್ ಟೋಲೆಂಡನಿಗೆ ಕೊಟ್ಟ ಸಮಪಾಲನ್ನು ಭಾರತೀಯ ಚಿತ್ರವಿಮರ್ಶೆ ಮೂರ್ತಿಯವರಿಗೆ ಕೊಡಲು ಅರ್ಧ ಶತಮಾನ ಹಿಡಿಯಿತು. 2008ನೆಯ ಸಾಲಿನ ದಾದಾಸಾಹೇಬ್ ಫಾಲ್ಕೆ ಪ್ರಶಸ್ತಿ 2010ರಲ್ಲಿ ಅವರ ಕೈಸೇರಿತು. ಛಾಯಾಗ್ರಾಹಕರೊಬ್ಬರಿಗೆ ಆ ಗೌರವ ಸಂದದ್ದು ಅದೇ ಮೊದಲು. ಅವರಿಗೆ ಆಗ 86 ವರ್ಷ.

ಅವರ ವಿದ್ಯೆ ಕನ್ನಡಕ್ಕೆ ಮರಳಿದ್ದು ಶಿಷ್ಯನ ಮೂಲಕ. ಕರಾಚಿಯಲ್ಲಿ ಹುಟ್ಟಿದ ಗೋವಿಂದ ನಿಹಲಾನಿ 1962ರಲ್ಲಿ ಬೆಂಗಳೂರಿನ ಅದೇ ಪಾಲಿಟೆಕ್ನಿಕ್ಕಿನಿಂದ ಹೊರಬಂದು ಮೂರ್ತಿಯವರ ಸಹಾಯಕರಾದರು. 1973ರಲ್ಲಿ ಗಿರೀಶ ಕಾರ್ನಾಡರು ‘ಕಾಡು’ ಚಿತ್ರವನ್ನು ನಿರ್ದೇಶಿಸಿದಾಗ ಅದರ ಕ್ಯಾಮರಾ ನಿಹಲಾನಿಯವರದು. ಕಾದಂಬರಿ ಮೈಸೂರು ಸೀಮೆಯ ಶ್ರೀಕೃಷ್ಣ ಆಲನಹಳ್ಳಿಯವರದು. ಹುಡುಗ ಕಿಟ್ಟಿಯ ಕಣ್ಣಿನಲ್ಲಿ ದೊಡ್ಡವರ ಲೋಕವನ್ನು ಕಾಣುವ ಆ ಚಿತ್ರದಲ್ಲಿ ಕಾಡೂ ಇರುಳೂ ಹಿನ್ನೆಲೆಯಾಗಿ ಉಳಿಯದೆ ಪಾತ್ರಗಳಾಗಿವೆ. 1988ರಲ್ಲಿ ನಿಹಲಾನಿಯವರು ದೂರದರ್ಶನಕ್ಕಾಗಿ ‘ತಮಸ್’ ನಿರ್ದೇಶಿಸಿದಾಗ ಗುರುವನ್ನು ಕ್ಯಾಮರಾದ ಹಿಂದಕ್ಕೆ ಕರೆದರು. ದೇಶವಿಭಜನೆಯ ಆ ಕಥೆಯ ಶೀರ್ಷಿಕೆಯ ಅರ್ಥ ಕತ್ತಲೆಯೆಂದೇ.

ಮೂರ್ತಿಯವರು ಸ್ವತಃ ಛಾಯಾಗ್ರಹಣ ಮಾಡಿದ ಕನ್ನಡ ಚಿತ್ರ ‘ಹೂವು ಹಣ್ಣು’, 1993ರದು. ರಾಜೇಂದ್ರಸಿಂಗ್ ಬಾಬು ಅದರ ನಿರ್ದೇಶಕರು, ಲಕ್ಷ್ಮಿ ನಾಯಕಿ. ಕಾದಂಬರಿ ಮೈಸೂರಿನಲ್ಲಿ ಬಾಳಿ ಬರೆದ ತ್ರಿವೇಣಿಯವರದು.